ಅಪ್ಪಾಸಾಬರ ಕಾರ್ಬುರೇಟರ್

ಅಪ್ಪಾಸಾಬರ ಮೋಟಾರ್‌ಸೈಕಲ್ ದಾರಿಯಲ್ಲಿ ನಿಲ್ಲುವುದೇನೂ ಹೊಸ ಸುದ್ದಿಯಲ್ಲ. ಮುಧೋಳದಿಂದ ಬನಹಟ್ಟಿಯವರೆಗೆ ಅದು ನಿಂತು ದಣಿವಾರಿಸಿಕೊಳ್ಳದ ಬೇವಿನ ಮರವಿಲ್ಲ, ಚಹಾದಂಗಡಿಯಿಲ್ಲ. ಆದರೆ ಆ ಶುಕ್ರವಾರ ಅದು ಊರೆಲ್ಲ ಬಿಟ್ಟು ಬನಹಟ್ಟಿಯ ನೇಕಾರ ಓಣಿಯಲ್ಲಿ, ಮುದಕಪ್ಪನ ಮನೆಯ ಮುಂದೆಯೇ ಬಂದು ನಿಂತಿತಲ್ಲ, ಅಲ್ಲಿಗೆ ಅವನ ಗ್ರಹಚಾರ ಶುರುವಾಯಿತು.

ಅಪ್ಪಾಸಾಬರೆಂದರೆ ಮುಧೋಳದಾಚೆಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ವಿಭಾಗದ ಮುಖ್ಯಸ್ಥರು. ಮುದಕಪ್ಪ ಅದೇ ವಿಭಾಗದ ಕಾರಕೂನ. ಸಾಹೇಬರು ಹೆಂಡತಿ ಸುವರ್ಣಾಬಾಯಿಯನ್ನು ಹಿಂದೆ ಕೂಡಿಸಿಕೊಂಡು ಸಾಂಗಲಿಯ ಮದುವೆಗೆ ಹೊರಟಿದ್ದರು. ಗಾಡಿ ನಿಂತದ್ದೇ ತಡ, ನಾಲ್ಕು ಒದೆ ಒದ್ದರು, ಹಣೆ ಒರೆಸಿಕೊಂಡರು, ಹೆಂಡತಿಯ ಕಡೆ ತಿರುಗಿ, "ನೋಡಿದೇನು? ಇದನ್ನ ನಂಬಿ ಪರಊರಿಗೆ ಹೊಂಡೋದಂದ್ರ ಆಗೂ ಮಾತಲ್ಲ" ಎಂದರು. ಸುವರ್ಣಾಬಾಯಿ ಸೆರಗು ಕೊಡವಿ ಕೆಳಗಿಳಿದರು. ಆರು ವರ್ಷದಿಂದ ಅವರು ಇದನ್ನೇ ನೋಡುತ್ತ ಬಂದಿದ್ದರು.

"ಮುದಕಪ್ಪಾ, ಗಾಡಿ ನಿನ್ನ ಕಟ್ಟಿ ಮುಂದ ಇರಲಿ. ನಾವು ಬಸ್ಸಿಗೆ ಹೋಗತೇವಿ. ನಾಳಿ ನಾಕಕ್ಕ ಬಂದು ಇಳೀತೇನಿ. ಇವರು ಬಸ್ಸಿಗೆ ಮುಧೋಳಕ್ಕ ಹೋಗಲಿ, ನಾವಿಬ್ಬರೂ ಗಾಡಿ ಮ್ಯಾಲೆ ಸೀದಾ ಕಾರ್ಖಾನಿಗೆ ಹೋಗೂಣು. ಸಹಿ ಹಾಕಿ ಶಿಕ್ಕಾ ಹೊಡದು ಕೊಟ್ಟುಬಿಡತೇನಿ. ನಿನ್ನ ಕೆಲಸ ಆತಂತ ತಿಳಕೋ" ಎಂದರು ಸಾಹೇಬರು.

ಆ ಸಹಿಗಾಗಿ ಮುದಕಪ್ಪ ಒಂಬತ್ತು ವರ್ಷ ಕಾದಿದ್ದ. ಕಬ್ಬು ಅರೆಯುವ ಹಂಗಾಮು ಶುರುವಾದರೆ ಅವನಿಗೆ ನೌಕರಿ, ಚಿಮಣಿಯ ಹೊಗೆ ನಿಂತಿತೆಂದರೆ ನೌಕರಿಯೂ ನಿಂತಿತು. ಆರು ತಿಂಗಳು ಇಸ್ತ್ರಿಯ ಅಂಗಿ, ಆರು ತಿಂಗಳು ಹಿಪ್ಪರಗಿಯಲ್ಲಿ ಮಾವನ ಹೊಲದ ಕಬ್ಬಿಗೆ ನೀರು ಹಾಯಿಸುವುದು. ಹಿಪ್ಪರಗಿಯ ಜನ ಅವನನ್ನು "ಆರ ತಿಂಗಳ ಅಳ್ಯಾ" ಎಂದೇ ಕರೆಯುತ್ತಿದ್ದರು. ಹೆಂಡತಿ ತಾಯವ್ವ ತವರಿಗೆ ಹೋದಾಗಲೆಲ್ಲ ಆ ಮಾತು ಕೇಳಿ ಅತ್ತು ಬರುತ್ತಿದ್ದಳು.

ಈ ವರ್ಷ ಖಾಯಂ ಆಗುವವರ ಯಾದಿಯಲ್ಲಿ ಅವನ ಹೆಸರು ಬಂದಿತ್ತು. ಆದರೆ ಮುಖ್ಯಸ್ಥರು ಸಹಿ ಮಾಡಿದ ಕಾಗದ ಶನಿವಾರ ಸಂಜೆ ಆರರೊಳಗೆ ಕಾರ್ಖಾನೆಯ ದೊಡ್ಡ ಸಾಹೇಬರ ಕೈ ಸೇರಬೇಕು. ಆರಕ್ಕೆ ಅವರ ಜೀಪು ಯಾದಿ ಹೊತ್ತುಕೊಂಡು ಬೆಂಗಳೂರಿಗೆ ಹೊರಡುತ್ತದೆ. ಅದರಲ್ಲಿ ಹೋಗದ ಹೆಸರು ಹೋಯಿತೆಂದೇ ಲೆಕ್ಕ. ಹಂಗಾಮು ಮುಗಿಯಲು ಇನ್ನೊಂದೇ ವಾರ. ಕಾಗದವಿದ್ದದ್ದು ಅಪ್ಪಾಸಾಬರ ಡ್ರಾಯರಿನಲ್ಲಿ, ಡ್ರಾಯರಿನ ಕೀಲಿ ಇದ್ದದ್ದು ಅಪ್ಪಾಸಾಬರ ಉಡದಾರದಲ್ಲಿ.

ಶನಿವಾರ ಬೆಳಿಗ್ಗೆ ರೊಟ್ಟಿ ಬಡಿಯುತ್ತಲೇ ತಾಯವ್ವ ಕೇಳಿದಳು. "ಅಲ್ರೀ, ಆ ಗಾಡಿ ನಂಬಕೊಂಡು ಕುಂತೀರೇನು? ಸಾಹೇಬರು ಮ್ಯಾಲೆ ಕುಂತು, ನೀವು ಹಿಂದ ದಬ್ಬಿಕೋತ ಹೊಂಟ್ರ ಆರಕ್ಕ ಮಹಾಲಿಂಗಪುರಾನೂ ಮುಟ್ಟಂಗಿಲ್ಲ."

ಮುದಕಪ್ಪ ಎದ್ದು ಗಾಡಿಯ ಹತ್ತಿರ ಹೋದ. ಬಸ್ಸಿಗೆ ಹೋದರೆ ಮಹಾಲಿಂಗಪುರದಲ್ಲೊಂದು ತಾಸು, ಮುಧೋಳದಲ್ಲೊಂದು ತಾಸು ಕಾಯಬೇಕು. ಆ ಗಾಡಿ ಓಡಿದರೇ ಅವನ ಖಾಯಂ. ಸಾಹೇಬರು ಬಿಟ್ಟುಹೋಗಿದ್ದ ಗಾಡಿಯ ಕೀಲಿ ಹಾಕಿ ಒದ್ದು ನೋಡಿದ. ಗಾಡಿ ಶುರುವಾಯಿತು, ಛಲೋ ಓಡಿತು, ಹನುಮಪ್ಪನ ಗುಡಿ ಮುಟ್ಟುವಷ್ಟರಲ್ಲಿ ಗೊರಗೊರ ಎಂದು ಕೆಮ್ಮಿ ಪ್ರಾಣ ಬಿಟ್ಟಿತು. ಅವನು ದಬ್ಬಿಕೊಂಡು ಮನೆಗೆ ತಂದ.

ನೇಕಾರ ಓಣಿಯಲ್ಲಿ ಗಾಡಿ ದಬ್ಬಿಕೊಂಡು ಬರುವುದೂ ಒಂದೇ, ಡಂಗುರ ಸಾರುವುದೂ ಒಂದೇ. ಮಗ್ಗಗಳ ಸದ್ದು ಒಂದೊಂದಾಗಿ ನಿಂತಿತು. ಮೊದಲು ಬಂದವನು ಪಕ್ಕದ ಮನೆಯ ಜಕ್ಕಪ್ಪ, ನಾಲ್ಕು ಮಗ್ಗದ ಯಜಮಾನ, ಜಗತ್ತಿನ ಯಾವ ಯಂತ್ರವೂ ಸೀರೆ ನೇಯುವ ಮಗ್ಗಕ್ಕಿಂತ ದೊಡ್ಡದಲ್ಲವೆಂದು ನಂಬಿದವನು. ಅವನ ಹಿಂದೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಬಾಯಲ್ಲಿ ಬೀಡಿ ಕಚ್ಚಿಕೊಂಡು ಎದುರು ಮನೆಯ ಕರೆಪ್ಪ. ಅವನಿಗೆ ನೂರಿಪ್ಪತ್ತು ಕುರಿಗಳೂ ಹೊಳೆಯ ದಂಡೆಯಲ್ಲೊಂದು ಡೀಸೆಲ್ ಪಂಪೂ ಇದ್ದವು.

"ಗಾಳಿ ಹಿಡದೈತಿ" ಎಂದ ಕರೆಪ್ಪ, ಗಾಡಿಯನ್ನು ಮುಟ್ಟದೆಯೇ. "ನನ್ನ ಪಂಪೂ ಹಿಂಗ ಮಾಡತೈತಿ."

"ಪಂಪಲ್ಲೋ ಮಾರಾಯಾ ಇದು, ಮೋಟಾರ್‌ಸೈಕಲ್ಲು. ಕಾರ್ಬುರೇಟರ್‌ದಾಗ ಕಸಾ ಕುಂತೈತಿ. ಬಿಚ್ಚರಿ!" ಎಂದ ಜಕ್ಕಪ್ಪ.

ಓಣಿಯ ಮಿಸ್ತ್ರಿ ಮಗಳ ಬಾಣಂತನಕ್ಕೆಂದು ಊರಿಗೆ ಹೋಗಿದ್ದ. ಇದ್ದವರೇ ವೈದ್ಯರು. ತಾಯವ್ವನ ಹಿಟ್ಟು ನಾದುವ ಪರಾತ ಬಂತು. ಅದರಲ್ಲಿ ಪೆಟ್ರೋಲು ಸುರಿದರು. ಕಾರ್ಬುರೇಟರನ್ನು ಕಳಚಿ, ತಳದ ಬಟ್ಟಲು ಬಿಚ್ಚಿ, ಒಳಗಿನ ಸೂಜಿ, ತೇಲುವ ಗುಂಡು, ಸ್ಪ್ರಿಂಗು, ಹಿತ್ತಾಳೆಯ ಜೆಟ್ಟು ಎಲ್ಲವನ್ನೂ ಅದರಲ್ಲಿ ಮುಳುಗಿಸಿದರು. ಕರೆಪ್ಪನಿಗೆ ಸರಿಯಾಗಿ ಕಾಣಲಿಲ್ಲ. ಪರಾತದ ಮೇಲೆ ಬಾಗಿದ. ಬೀಡಿಯ ತುದಿಯಲ್ಲಿ ಅರ್ಧ ಬೆರಳು ಬೂದಿ ಜೋಲುತ್ತಿತ್ತು.

ಒಳಗಿನಿಂದ ಬಂದ ತಾಯವ್ವ ಅದನ್ನು ನೋಡಿ ಹೌಹಾರಿದಳು. "ಅಯ್ಯಯ್ಯ ಶಿವನ! ಬೀಡೀ!" ಎಂದು ಚೀರಿದವಳೇ ಕೈಯಲ್ಲಿದ್ದ ಕೊಡದ ನೀರನ್ನೆಲ್ಲ ಕರೆಪ್ಪನ ಮುಖಕ್ಕೆ ಎರಚಿದಳು. ಬೀಡಿ ಆರಿತು, ಕರೆಪ್ಪನೂ ಆರಿದ. ಒದ್ದೆ ಕಂಬಳಿ ಹಿಂಡುತ್ತ, "ಹೇಳಿದ್ರ ಉಗಳತಿದ್ದೆನಲ್ಲಬೇ ತಂಗಿ" ಎಂದ.

ಅಷ್ಟರಲ್ಲಿ ಜಕ್ಕಪ್ಪ ಜೆಟ್ಟನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಜೋಳದ ಕಾಳಿನಷ್ಟು ಹಿತ್ತಾಳೆ, ಅದರ ನಡುವೆ ಪೆಟ್ರೋಲು ಹಾಯಲು ಕೂದಲು ಹೋಗುವಂಥ ತೂತು. "ಇಲ್ಲೈತಿ ನೋಡು ರೋಗಾ! ಕಟ್ಟೇತಿ" ಎಂದು ಮನೆಗೋಡಿ ಮಗ್ಗದ ಫಣಿಯಿಂದ ಒಂದು ಉಕ್ಕಿನ ಕಡ್ಡಿ ಕಿತ್ತು ತಂದ. ಎಳೆಗಳನ್ನು ಬಿಡಿಸುವ ಆ ಕಡ್ಡಿಯಿಂದ ಹಲ್ಲು ಕೆದಕಿದವರಿದ್ದಾರೆ, ಕಿವಿ ಕೆದಕಿದವರಿದ್ದಾರೆ. ಬನಹಟ್ಟಿಯಲ್ಲಿ ಅದಕ್ಕಾಗದ ಕೆಲಸವೇ ಇಲ್ಲ. ಜಕ್ಕಪ್ಪ ಅದನ್ನು ಜೆಟ್ಟಿಗೆ ತುರುಕಿ ಗರಗರ ತಿರುವಿದ. "ಆತು! ಈಗ ನೋಡು, ಹೆಬ್ಬಾಗಲ ತೆರದಂಗ ಆತು."

ಬಟ್ಟಲಿನ ಅಂಚಿಗೆ ಹಾಕುವ ರಟ್ಟಿನ ವಾಷರು ಹರಿದಿತ್ತು. ಅದಕ್ಕೂ ಜಕ್ಕಪ್ಪನ ಹತ್ತಿರ ಔಷಧವಿತ್ತು. ಸೀರೆಯ ಹೂವಿನ ನಮೂನೆಗೆಂದು ತೂತು ಹೊಡೆದು ಮಗ್ಗದ ಮೇಲೆ ತೂಗುಹಾಕುವ ರಟ್ಟುಗಳಲ್ಲಿ ಹಳೆಯದೊಂದನ್ನು ತಂದು, ಕತ್ತರಿಸಿ, ಅಂದವಾಗಿ ಕೂಡಿಸಿದ.

ಮುದಕಪ್ಪ ಹನುಮಪ್ಪನನ್ನು ನೆನೆದು ಒದ್ದ. ಗಾಡಿ ಶುರುವಾಯಿತು. ಆಮೇಲೆ ಓಣಿಯೇ ಕಾಣಲಿಲ್ಲ. ಹಂಗಾಮಿನ ದಿನಗಳಲ್ಲಿ ಇಡೀ ಕಾರ್ಖಾನೆ ಬಿಡುವ ಹೊಗೆಯನ್ನು ಅದೊಂದೇ ಗಾಡಿ ಬಿಟ್ಟಿತು. ಹೊಗೆಯೊಳಗಿಂದ ಯಾರೋ ಕೆಮ್ಮಿದರು, ಯಾರದೋ ಕುರಿ ಕೂಗಿತು, ತಾಯವ್ವ, "ಸೋರಾಕತ್ತೈತ್ರೀ!" ಎಂದು ಒದರಿದಳು. ಬಟ್ಟಲಿನ ಅಂಚಿನಲ್ಲಿ, ರಟ್ಟಿನ ಹೂವಿನ ತೂತುಗಳು ಎಲ್ಲೆಲ್ಲಿ ಬಂದಿದ್ದವೋ ಅಲ್ಲಲ್ಲಿಂದ ಪೆಟ್ರೋಲು ತೊಟತೊಟನೆ ಇಳಿಯುತ್ತಿತ್ತು. ಗಾಡಿ ಒಮ್ಮೆ ನಡುಗಿ ನಿಂತಿತು. ಆಮೇಲೆ ಯಾರು ಒದ್ದರೂ ಏಳಲಿಲ್ಲ. ಮೊದಲು ಹನುಮಪ್ಪನ ಗುಡಿಯವರೆಗಾದರೂ ಹೋಗುತ್ತಿತ್ತು, ಈಗ ಅದೂ ಇಲ್ಲ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು.

"ಸಾಹೇಬರ ಗಾಡಿ! ನನ್ನ ಸಾಹೇಬರ ಗಾಡಿ! ಏನ್ ಮಾಡಿಟ್ರಲೇ ನನಗ!" ಎಂದು ಮುದಕಪ್ಪ ತಲೆಗೆ ಕೈಹೊತ್ತು ಕಟ್ಟೆಯ ಮೇಲೆ ಕುಸಿದ.

"ಅಳಬ್ಯಾಡ" ಎಂದ ಕರೆಪ್ಪ. "ನಾ ಹೇಳಿರಲಿಲ್ಲೇನು, ಗಾಳಿ ಹಿಡದೈತಂತ?"

ಹತ್ತೂವರೆಗೆ ಮುದಕಪ್ಪ ಇಡೀ ಕಾರ್ಬುರೇಟರನ್ನು ಊಟದ ಡಬ್ಬಿಯಲ್ಲಿ ಹಾಕಿ, ಡಬ್ಬಿಯನ್ನು ವಸ್ತ್ರದಲ್ಲಿ ಕಟ್ಟಿ, ಜಮಖಂಡಿಯ ಬಸ್ಸು ಹತ್ತಿದ. ಡಬ್ಬಿಯನ್ನು ತೊಡೆಯ ಮೇಲೆ ಕೂಸಿನಂತೆ ಹಿಡಿದುಕೊಂಡಿದ್ದ. ಎರಡು ಮೈಲಿ ಹೋಗುವಷ್ಟರಲ್ಲಿ ಪಕ್ಕದ ಹೆಣ್ಣುಮಗಳು ಮೂಗು ಅರಳಿಸಿ, "ಏನ್ ವಾಸನಿ ಬೇ ಇದು?" ಎಂದಳು. ಕಂಡಕ್ಟರ್ ಬಂದು ಮೂಸಿದ. "ಡಬ್ಬ್ಯಾಗ ಏನೈತಿ?"

"ಕಾರ್ಬುರೇಟರ್‌ರೀ."

"ಪೆಟ್ರೋಲ್ ಐತೇನು?"

"ಸ್ವಲ್ಪ ಐತ್ರಿ. ತೊಳದದ್ದು."

"ಪೆಟ್ರೋಲ್ ಡಬ್ಬೀ!" ಎಂದು ಹಿಂದಿನಿಂದ ಯಾರೋ ಕೂಗಿದರು. ಕೂಗು ಮುಂದಿನ ಸೀಟು ಮುಟ್ಟುವಷ್ಟರಲ್ಲಿ ಡಬ್ಬಿ ಬಾಂಬಾಗಿತ್ತು. ಬಸ್ಸು ನಿಲ್ಲುವ ಮೊದಲೇ ಇಬ್ಬರು ಹಾರಿದರು, ಒಬ್ಬ ಮುದುಕ ಕಿಟಕಿಯಲ್ಲಿ ಅರ್ಧ ಸಿಕ್ಕಿಕೊಂಡ. ಕಂಡಕ್ಟರ್ ಮುದಕಪ್ಪನ ರಟ್ಟೆ ಹಿಡಿದು ಕೆಳಗಿಳಿಸಿ ಸೀಟಿ ಊದಿದ. ಉರಿಬಿಸಿಲಿನಲ್ಲಿ, ಎರಡೂ ಬದಿ ಕಬ್ಬಿನ ನಡುವೆ, ಮುದಕಪ್ಪ ಡಬ್ಬಿಯೊಂದಿಗೆ ಒಬ್ಬನೇ ಉಳಿದ. ಒಂಬತ್ತು ವರ್ಷದಲ್ಲಿ ಅವನಿಗೆ ಇಷ್ಟು ಸಂಕಟವಾಗಿರಲಿಲ್ಲ. ಕಬ್ಬು ಇಳಿಸಿ ಬರಿದಾಗಿ ಹೊರಟಿದ್ದ ಒಂದು ಟ್ರ್ಯಾಕ್ಟರು ದಯೆ ತೋರಿ ಹಿಂದಿನ ಟ್ರೇಲರಿನಲ್ಲಿ ಹತ್ತಿಸಿಕೊಂಡಿತು. ಅವನು ಜಮಖಂಡಿ ಮುಟ್ಟಿದಾಗ ಹನ್ನೆರಡೂವರೆ ದಾಟಿತ್ತು, ಮೈತುಂಬ ಕಬ್ಬಿನ ಒಣ ಎಲೆಯ ರವದಿ ಅಂಟಿತ್ತು.

ಬಿಡಿಭಾಗಗಳ ಅಂಗಡಿಯ ಗಂಗಾರಾಮ ಮೂಗಿನ ತುದಿಗೆ ಕನ್ನಡಕವಿಟ್ಟುಕೊಂಡು ಪೇಪರು ಓದುತ್ತಿದ್ದ. ತಲೆ ಎತ್ತಲಿಲ್ಲ.

"ಏನ್ ಬೇಕು?"

"ಜೆಟ್ ಬೇಕ್ರಿ."

"ಎಷ್ಟನೇ ನಂಬರು?"

"ಛಲೋದು ನೋಡಿ ಕೊಡ್ರಿ."

"ಅಂಗಿ ಅರಬಿ ತಗೊಳ್ಳಾಕ ಬಂದೀಯೇನು, ಛಲೋದು ಅನ್ನಾಕ? ತಾ ಇಲ್ಲೆ ಹಳೇದು." ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಿದ. ಕನ್ನಡಕ ತೆಗೆದು ಮತ್ತೆ ನೋಡಿದ. "ಬನಹಟ್ಟ್ಯಾಂವ ಏನು?"

ಮುದಕಪ್ಪ ಬೆಚ್ಚಿಬಿದ್ದ. "ಹೌದ್ರಿ. ಹೆಂಗ ಗೊತ್ತಾತ್ರಿ?"

"ಇದರಾಗ ಫಣಿ ಕಡ್ಡಿ ತುರುಕೀರಿ. ತಿಂಗಳಿಗೆ ನಾಕ ಮಂದಿ ಬರತೀರಪಾ ನೀವು. ನಿಮ್ಮೂರ ನೇಕಾರರ ಪುಣ್ಯಾದಿಂದನ ನನ್ನ ಅಂಗಡಿ ನಡದೈತಿ. ಜೆಟ್ ಹಿತ್ತಾಳಿ, ನಿಮ್ಮ ಕಡ್ಡಿ ಉಕ್ಕು. ಒಮ್ಮಿ ತಿರುವಿದ್ರ ಮುಗೀತು. ಮ್ಯಾಲಿನ ನಂಬರು ಹಂಗ ಇರತೈತಿ, ಒಳಗಿನ ತೂತು ಕಾಳ ತುಂಬೋ ಹಗೇವು ಆಗತೈತಿ. ಊದಿ ಸ್ವಚ್ಛ ಮಾಡಬೇಕಪಾ, ಕೆದಕಬಾರದು."

ಮೂರು ಜೆಟ್ಟುಗಳನ್ನು ಗಾಜಿನ ಮೇಲಿಟ್ಟ. "ಇದು ಒಂದ ನಂಬರು ದೊಡ್ಡದು, ಕುದರಿ ಓಡಿದಂಗ ಓಡಸತೈತಿ, ಎಮ್ಮಿ ನೀರ ಕುಡದಂಗ ಪೆಟ್ರೋಲ್ ಕುಡೀತೈತಿ. ಇದು ಅಗ್ಗದ್ದು, ನಂಬರ ಐತಿ ಖರೆ, ಆ ನಂಬರಿಗೂ ತೂತಿಗೂ ಸಂಬಂಧ ಇಲ್ಲ. ಇದು ಅಸಲಿ. ಯಾವುದು?"

"ಅಸಲಿನ ಕೊಡ್ರಿ. ನನ್ನ ಖಾಯಂ ನೌಕರಿ ಇದರ ಮ್ಯಾಲೆ ಐತ್ರಿ."

ಆ ಮಾತು ಕೇಳಿ ಗಂಗಾರಾಮ ಪೇಪರು ಮಡಚಿಟ್ಟ. ಮುದಕಪ್ಪ ಒಂದೇ ಉಸಿರಿನಲ್ಲಿ ಕಥೆಯೆಲ್ಲ ಹೇಳಿದ. ಗಂಗಾರಾಮ ಡಬ್ಬಿ ಖಾಲಿ ಮಾಡಿ ಒಂದೊಂದನ್ನೇ ಬೆರಳಲ್ಲಿ ಹಿಡಿದು ಪರೀಕ್ಷಿಸಿದ. "ಸೂಜಿ ಸವದೈತಿ. ಜೆಟ್ ಹೊಸದು ಹಾಕಿ ಸೂಜಿ ಹಳೇದು ಇಟ್ರ ಹೊಸಾ ಎತ್ತಿಗೆ ಮುದಿ ಎತ್ತ ಹೂಡಿದಂಗ. ಎರಡೂ ಹೊಸಾವು ಇರಲಿ." ಜಕ್ಕಪ್ಪನ ಹೂವಿನ ವಾಷರು ಕೈಗೆ ಬಂದಾಗ ನಕ್ಕ ನಗೆಗೆ ಕಣ್ಣಲ್ಲಿ ನೀರು ಬಂತು. ಅದನ್ನು ಗಿರಾಕಿಗಳು ನೋಡಲೆಂದು ಗೋಡೆಯ ಮೊಳೆಗೆ ತೂಗುಹಾಕಿ ಹೊಸ ವಾಷರು ಕೊಟ್ಟ.

ಕಡೆಗೆ ತೇಲುವ ಗುಂಡನ್ನು ಹಿಡಿದು ಅದರ ಹಿತ್ತಾಳೆಯ ನಾಲಿಗೆಯನ್ನು ಅಳತೆಪಟ್ಟಿಯಿಂದ ಅಳೆದ. "ರೋಗದ ಬೇರು ಇಲ್ಲೈತಿ. ಈ ನಾಲಿಗಿ ಬಾಗಿ, ಬಟ್ಟಲದಾಗ ಅರ್ಧಾ ಪೆಟ್ರೋಲ್ ತುಂಬೂದ್ರಾಗ ಬಾಗಿಲ ಮುಚ್ಚತೈತಿ. ಅದಕ್ಕ ಗಾಡಿ ನಾಕ ಹೆಜ್ಜಿ ಓಡಿ ಬಾಯಾರಿ ನಿಲ್ಲತೈತಿ. ಯಾವನೋ ಕೈ ಹಚ್ಚ್ಯಾನ." ಇಕ್ಕಳದಿಂದ ನವಿರಾಗಿ ಎತ್ತಿ, ಮತ್ತೆ ಅಳೆದು, "ಹೋಗು. ಈಗ ಇದು ನಿಲ್ಲಂಗಿಲ್ಲ" ಎಂದ. ಹಳೆಯ ಸಾಮಾನನ್ನೆಲ್ಲ ಮುದಕಪ್ಪ ಅಲ್ಲಿಯೇ ಚರಂಡಿಗೆ ಒಗೆದ. ಪೀಡೆ ತೊಲಗಿತೆನಿಸಿತು.

ಬನಹಟ್ಟಿಗೆ ಮರಳಿದಾಗ ಪೌಣೆ ಮೂರು. ಓಣಿಯವರು ಮಗ್ಗ ಬಂದ್ ಮಾಡಿ ಕಾಯುತ್ತಲೇ ಇದ್ದರು. ಈ ಸಲ ಯಾರೂ ಮುಟ್ಟಕೂಡದೆಂದು ಮುದಕಪ್ಪ ಕೈಮುಗಿದು ಬೇಡಿಕೊಂಡ. ಯಾರೂ ಮುಟ್ಟಲಿಲ್ಲ, ಆದರೆ ಎಲ್ಲರೂ ಬಾಗಿ ಉಸಿರಾಡಿದರು. ಹೊಸ ಸೂಜಿಗೆ ಜೀರಿಗೆಯಷ್ಟು ಸಣ್ಣದೊಂದು ಉಕ್ಕಿನ ಕ್ಲಿಪ್ಪು ಸಿಕ್ಕಿಸಬೇಕಿತ್ತು. ಸಿಕ್ಕಿಸುವಾಗ ಅದು ಟಣ್ಣೆಂದು ಚಿಮ್ಮಿ ಗಾಳಿಯಲ್ಲಿ ಮಾಯವಾಯಿತು.

ಇನ್ನೊಂದು ಕ್ಲಿಪ್ಪಿಗೆ ಮತ್ತೆ ಜಮಖಂಡಿಗೆ ಹೋಗಿ ಬರಲು ಹೊತ್ತಿರಲಿಲ್ಲ. ಇಡೀ ಓಣಿ ನಾಲ್ಕು ಕಾಲಿನ ಮೇಲೆ ಬಿತ್ತು. ಮುದುಕಿಯರು ಮೊರ ತಂದು ಮಣ್ಣು ಕೇರಿದರು. ಇಪ್ಪತ್ತು ನಿಮಿಷ ಹೋಯಿತು. ಆಗ ತಾಯವ್ವ ಕರೆಪ್ಪನನ್ನು ದಿಟ್ಟಿಸಿ, "ಅಣ್ಣಾ, ಅಲ್ಲಾಡಬ್ಯಾಡ" ಎಂದಳು. ಕರೆಪ್ಪ ಬೆಳಿಗ್ಗೆಯ ನೀರನ್ನು ನೆನೆದು ಕಣ್ಣು ಮುಚ್ಚಿಕೊಂಡ. ಕಂಬಳಿಯ ಉಣ್ಣೆಯಲ್ಲಿ ಸಿಕ್ಕಿಕೊಂಡಿದ್ದ ಕ್ಲಿಪ್ಪನ್ನು ಅವಳು ಎರಡು ಉಗುರಿನಲ್ಲಿ ಹೇನು ತೆಗೆದಂತೆ ತೆಗೆದಳು.

ಮೂರೂವರೆಗೆ ಕೂಡಿಸಿ ಮುಗಿಯಿತು. ಮುದಕಪ್ಪ ಒದೆಯಲೆಂದು ಕಾಲಿಟ್ಟ, ಕಾಲಿನ ಭಾರಕ್ಕೇ ಗಾಡಿ ಶುರುವಾಯಿತು. ಹೊಗೆಯಿಲ್ಲ, ಕೆಮ್ಮಿಲ್ಲ. ಓಣಿಗೆ ಓಣಿಯೇ ಚಪ್ಪಾಳೆ ತಟ್ಟಿತು. "ನಾ ಒಂದ ಸಲ ನೋಡತೇನಿ ತಡಿ" ಎಂದು ಜಕ್ಕಪ್ಪ ಹತ್ತಿ ಹೊರಟೇಬಿಟ್ಟ. ಐದು ನಿಮಿಷವಾಯಿತು, ಹತ್ತಾಯಿತು, ಇಪ್ಪತ್ತಾಯಿತು. ಎಲ್ಲೋ ನಿಂತಿದೆ, ಎಲ್ಲೋ ಬಿದ್ದಿದ್ದಾನೆ ಎಂದು ಮುದಕಪ್ಪ ಬಾಯಿ ಬಾಯಿ ಬಿಡುತ್ತಿರುವಾಗ ಜಕ್ಕಪ್ಪ ತಲೆಗೂದಲು ಹಾರಿಸಿಕೊಂಡು ಬಂದ. "ರಬಕವಿ ದಾಟಿ ಹೊಳಿ ತನಾ ಹೋಗಿದ್ನಪಾ. ನಿಲ್ಲಸಾಕ ಮನಸ ಬರಲಿಲ್ಲ."

ಮುದಕಪ್ಪನಿಗೆ ಅಳು ಬಂತು. ತಾಯವ್ವ ಇಸ್ತ್ರಿಯ ಅಂಗಿ ತಂದುಕೊಟ್ಟಳು, ಹಣೆಗೆ ವಿಭೂತಿ ಹಚ್ಚಿದಳು. "ಸಹಿ ಆದ ಕೂಡಲೆ ನನಗ ಫೋನ್ ಹಚ್ಚರಿ. ನಮ್ಮಪ್ಪಗ ನಾನ ಹೇಳಬೇಕು" ಎಂದಳು.

ನಾಲ್ಕಕ್ಕೆ ಸರಿಯಾಗಿ ಅಪ್ಪಾಸಾಬರು ಬಂದರು. ಹಿಂದೆ ಮದುವೆಯ ಬುಂದೆಯ ಗಂಟು ಹಿಡಿದು ಸುವರ್ಣಾಬಾಯಿ.

"ಸಾಹೇಬ್ರ, ಹತ್ತರೀ! ಹೊತ್ತಾತು!" ಎಂದ ಮುದಕಪ್ಪ.

"ತಡೀಪಾ, ಇವರಿಗೆ ಬಸ್ಸ ಹತ್ತಿಸಿ ಬರತೇನಿ. ಆ ಮ್ಯಾಲೆ ಗಾಡಿ ಕೂಡ ಗುದ್ದಾಡೂಣು."

ಮುದಕಪ್ಪ ಹೆಮ್ಮೆಯಿಂದ ಕೆಳಗೆ ಕುಳಿತು, ಕಾಲಿನಿಂದಲ್ಲ, ಕೈಯಿಂದ ಕಿಕ್ ಒತ್ತಿದ. ಗಾಡಿ ಶುರುವಾಯಿತು. ಅಪ್ಪಾಸಾಬರ ಮುಖದ ರಕ್ತವೆಲ್ಲ ಇಳಿದುಹೋಯಿತು. ಸಂತೋಷಕ್ಕೂ ಹಾಗಾಗುವುದುಂಟೆಂದು ಮುದಕಪ್ಪ ತಿಳಿದ.

"ಏನ್... ಏನ್ ಮಾಡಿದಿ ಇದಕ್ಕ?"

"ಕಾರ್ಬುರೇಟರ್ ಪೂರಾ ಬಿಚ್ಚಿ ಕಟ್ಟೇನ್ರಿ. ಹೊಸಾ ಜೆಟ್, ಹೊಸಾ ಸೂಜಿ, ಹೊಸಾ ವಾಷರು. ಎಲ್ಲಾ ಅಸಲಿ."

"ಎಲ್ಲಿ ಸಿಕ್ಕವು?" ಸಾಹೇಬರ ದನಿ ಬಾವಿಯೊಳಗಿಂದ ಬಂದಂತಿತ್ತು.

"ಜಮಖಂಡ್ಯಾಗ್ರಿ."

"ಜಮಖಂಡ್ಯಾಗ?" ಇದು ಸುವರ್ಣಾಬಾಯಿಯ ದನಿ. ಅವರು ಗಂಟನ್ನು ಕಟ್ಟೆಯ ಮೇಲಿಟ್ಟರು. "ಏನ್ರೀ? ಈ ಗಾಡಿ ಸಾಮಾನು ಮಾಡೋರ ಸತ್ತಹೋಗ್ಯಾರ, ಹತ್ತ ಜಿಲ್ಲೆ ತಿರಗಿದ್ರೂ ಸಿಗಂಗಿಲ್ಲ ಅಂತಿದ್ರಿ?"

"ಈಗ... ಹೊಸದಾಗಿ ಹುಟ್ಟಿರಬೇಕು" ಎಂದರು ಸಾಹೇಬರು.

ಸುವರ್ಣಾಬಾಯಿ ಎಮ್ಮೆ ಕೊಳ್ಳುವವರಂತೆ ಗಾಡಿಯನ್ನು ಸುತ್ತು ಹಾಕಿದರು. "ಇದು ಎಲ್ಲಿ ತನಾ ಹೋಗತೈತಿ?"

"ಮುಂಬಯಿ ತನಾ ಹೋಗತೈತ್ರಿ ಅಕ್ಕಾರ!" ಎಂದ ಜಕ್ಕಪ್ಪ.

"ಮುಂಬಯಿ ಬ್ಯಾಡ. ಬೀಳಗಿ ದಾಟಿದ್ರ ಸಾಕು." ಅವರ ಕಣ್ಣು ತುಂಬಿದವು. "ನಮ್ಮ ತವರೂರು ಡ್ಯಾಮಿನ ಹಿನ್ನೀರಾಗ ಮುಳಗಿ, ನಮ್ಮವ್ವ ಹೊಸಾ ಊರಿಗೆ ಬಂದು ಆರ ವರ್ಷಾತು. ಅಲ್ಲಿಗೆ ಬಸ್ಸಿಲ್ಲ. ಯಾವಾಗ ಕೇಳಿದ್ರೂ 'ಗಾಡಿ ಅಲ್ಲಿ ತನಾ ಹೋಗಂಗಿಲ್ಲ, ಸಾಮಾನು ಸಿಗಂಗಿಲ್ಲ'. ನಾಳಿ ನಮ್ಮ ತಮ್ಮನ ಕೂಸಿನ ತೊಟ್ಟಲಾ ಐತಿ. ಹೋಗೋದಾಗಂಗಿಲ್ಲಂತ ಹೇಳಿಕಳಿಸಿದ್ದೆ. ನಡೀರಿ. ಈಗಿಂದೀಗ ನಡೀರಿ."

ಬೀಳಗಿಯ ದಾರಿ ಪೂರ್ವಕ್ಕೆ, ಕಾರ್ಖಾನೆಯ ದಾರಿ ದಕ್ಷಿಣಕ್ಕೆ.

"ಇವನ ಖಾಯಂ ಕಾಗದ ಐತಿ ಸುವರ್ಣಾ!" ಅಪ್ಪಾಸಾಬರು ಮುದಕಪ್ಪನ ಭುಜವನ್ನು ಮುಳುಗುವವರಂತೆ ಹಿಡಿದುಕೊಂಡರು. "ಆರರೊಳಗ ಸಹಿ ಆಗಬೇಕು. ಇವತ್ತ ಕಡೀ ದಿನಾ."

"ನಿಮಗ ದಿನಾಲೂ ಯಾವುದರ ಒಂದು ಕಡೀ ದಿನಾನ ಇರತೈತಿ. ಕಾರ್ಖಾನಿ ಒಳಗ ಹೊಕ್ಕ್ರಂದ್ರ ನೀವು ಹೊರಗ ಬರೂದು ಸೋಮವಾರಕ್ಕ."

"ಖರೇನ್ರಿ ಅಕ್ಕಾರ! ಹನುಮಪ್ಪನ ಆಣಿ! ಆರಕ್ಕ ಜೀಪ ಹೋಗತೈತ್ರಿ, ನನ್ನ ಒಂಬತ್ತ ವರ್ಷದ್ದು..."

ಸುವರ್ಣಾಬಾಯಿ ಅವನನ್ನು ಕರುಣೆಯಿಂದ ನೋಡಿದರು. "ಪಾಪ, ನಿನಗೂ ಪಾಠಾ ಹೇಳಿಕೊಟ್ಟಾರ? ಅಂಜಬ್ಯಾಡ ತಮ್ಮಾ. ನೀ ಮಾಡಿದ ಉಪಕಾರ ನಾ ಸಾಯೂತನಾ ಮರಿಯಂಗಿಲ್ಲ. ನಿನ್ನ ಹೊಟ್ಟಿ ತಣ್ಣಗಿರಲಿ."

ಮುದಕಪ್ಪ ಕೊನೆಯ ಅಸ್ತ್ರ ಬಿಟ್ಟ. "ಅಕ್ಕಾರ, ಗಾಡಿ ಇನ್ನೂ ಖಾತ್ರಿ ಇಲ್ರೀ. ನಡುದಾರ್‍ಯಾಗ ನಿಲ್ಲತೈತ್ರಿ."

"ಏ, ಯಾಕ ನಿಲ್ಲತೈತಿ!" ಓಣಿಗೆ ಓಣಿಯೇ ತಿರುಗಿಬಿತ್ತು. ಜಕ್ಕಪ್ಪನಿಗೆ ಸಿಟ್ಟೇ ಬಂದಿತ್ತು. "ನಮ್ಮ ಕೈಯಾಗ ಆದ ಕೆಲಸ ಇದು. ನಿಂತ್ರ ನನ್ನ ಮೀಸಿ ಬೋಳಸತೇನಿ!" ಕರೆಪ್ಪ, "ಗಾಳಿ ಎಲ್ಲಾ ತಗದೇವ್ರಿ ಅಕ್ಕಾರ" ಎಂದು ಸೇರಿಸಿದ.

ಸುವರ್ಣಾಬಾಯಿ ಬುಂದೆಯ ಗಂಟನ್ನು ಸೀಟಿಗೆ ಬಿಗಿಯುತ್ತಿರುವಾಗ, ಅಪ್ಪಾಸಾಬರು ಪೆಟ್ರೋಲಿನ ನಲ್ಲಿ ನೋಡುವವರ ಹಾಗೆ ಬಾಗಿ ಮುದಕಪ್ಪನ ಕಿವಿಯಲ್ಲಿ ಉಸುರಿದರು. "ಹಳೇ ಸಾಮಾನು ಎಲ್ಲಿ ಅದಾವಲೇ?"

"ಒಗದೇನ್ರಿ."

"ಆ ನಾಲಿಗಿ?"

"ಎತ್ತಿ ಸರಿ ಮಾಡಿಸೇನ್ರಿ."

"ಲೇ ಪಾಪೀ! ಹೆಂಡತಿ ಹಿಂದ ಕುಂತಾಗ ಅಲ್ಲಲ್ಲಿ ನಿಲ್ಲೋ ಹಂಗ ಆ ನಾಲಿಗಿ ಬಗ್ಗಿಸಾಕ ಕಲಿಯಾಕ ಮೂರ ತಿಂಗಳ ಹಿಡದಿತ್ತಲೇ ನನಗ! ಆ ನಮ್ಮ ಅತ್ತಿ ಹೊಳೆವ್ವನ ಬಾಯಿ ನಿನಗ ಗೊತ್ತಿಲ್ಲ."

"ಅಲ್ರೀ ಸಾಹೇಬ್ರ... ಮತ್ತ ನಾವಿಬ್ಬರೂ ಕಾರ್ಖಾನಿಗೆ ಹೆಂಗ ಹೋಗೋರಿದ್ವಿ?"

"ಇಕ್ಕಳ ಕಿಸೇದಾಗ ಇರತೈತಿ. ಇವರನ್ನ ಬಸ್ಸ ಹತ್ತಿಸಿ ಬಂದು, ಹತ್ತ ನಿಮಿಷದಾಗ ಸರಿ ಮಾಡಿಕೊಂಡು, ಐದಕ್ಕ ಸಹಿ ಮಾಡಿ ಕೊಡಾವ ಇದ್ನೆಲ್ಲೋ! ಸುಮ್ನ ಕುಂಡರಾಕ ಏನಾಗಿತ್ತು ನಿನಗ?"

"ಏನ್ ಪಿಸಿಪಿಸಿ ನಡದೈತಿ? ಹತ್ತರಿ!" ಎಂದರು ಸುವರ್ಣಾಬಾಯಿ.

ಅಪ್ಪಾಸಾಬರು ಕಾಲೆಳೆಯುತ್ತ ಹತ್ತಿ, ಕೈತಪ್ಪಿದವರಂತೆ ಕೀಲಿ ತಿರುವಿ ಗಾಡಿ ಆರಿಸಿದರು. ಮತ್ತೆ ಏಳದಿರಲೆಂದು ಕಿಕ್ಕಿನ ಮೇಲೆ ಹೂವಿಟ್ಟಂತೆ ಕಾಲಿಟ್ಟರು. ಗಾಡಿ ಶುರುವಾಯಿತು. ಚೋಕು ಎಳೆದು ಪೆಟ್ರೋಲಿನಲ್ಲಿ ಮುಳುಗಿಸಲು ನೋಡಿದರು, ಗಾಡಿ ಅದನ್ನೂ ಕುಡಿದು ಜೀರ್ಣಿಸಿಕೊಂಡಿತು. ಓಣಿಯವರು ಹೋ ಎಂದು ಕೂಗಿ ಹಿಂದಿನಿಂದ ಒಂದು ದಬ್ಬು ಕೊಟ್ಟರು.

ಮುದಕಪ್ಪ ಇಸ್ತ್ರಿಯ ಅಂಗಿಯಲ್ಲಿ ಹಿಂದೆ ಓಡಿದ. ಈಗ ನಿಲ್ಲುತ್ತದೆ, ಗುಡಿಯ ಹತ್ತಿರ ನಿಲ್ಲುತ್ತದೆ, ಜಮಖಂಡಿ ರಸ್ತೆಗೆ ತಿರುಗುವಲ್ಲಾದರೂ ನಿಲ್ಲುತ್ತದೆ. ಜೀವಮಾನದಲ್ಲಿ ಅವನು ಯಾವ ದೇವರನ್ನೂ ಅಷ್ಟು ಬೇಡಿಕೊಂಡಿರಲಿಲ್ಲ. ಗಾಡಿ ರಸ್ತೆಗೆ ತಿರುಗಿತು. ಸುವರ್ಣಾಬಾಯಿ ಹಿಂದಿರುಗಿ ನೋಡಿ, ನಗುತ್ತ, ಅವನಿಗೆ ಕೈ ಬೀಸಿದರು. ಅವನು ರಸ್ತೆಯ ಬದಿಯ ಕಲ್ಲಿನ ಮೇಲೆ ಕುಸಿದು ಕುಳಿತ.

ತಾಯವ್ವ ಬಂದು ಪಕ್ಕದಲ್ಲಿ ಕುಳಿತಳು. ಅವನ ಅಂಗಿಯ ಧೂಳು ಕೊಡವತೊಡಗಿದಳು. ಓಡಿಬಂದ ಜಕ್ಕಪ್ಪ ಮಾತ್ರ ಅವನ ಬೆನ್ನು ಚಪ್ಪರಿಸಿ, "ನೋಡಿದೇನಲೇ, ಎಷ್ಟ ಛಂದ ಹೊಂಟೈತಿ!" ಎಂದ.

ಆರಕ್ಕೆ ಸರಿಯಾಗಿ ಜೀಪು ಯಾದಿ ತೆಗೆದುಕೊಂಡು ಬೆಂಗಳೂರಿಗೆ ಹೊರಟಿತು. ಅದೇ ಆರಕ್ಕೆ ಅಪ್ಪಾಸಾಬರು ಬೀಳಗಿ ದಾಟಿ ಅತ್ತೆಯ ಮನೆ ಮುಟ್ಟಿದರು. ದಾರಿಯಲ್ಲಿ ಗಾಡಿ ಒಂದೇ ಒಂದು ಸಲವೂ ನಿಲ್ಲಲಿಲ್ಲವಂತೆ.